ಬಾಗಿಲು ಬಡಿಯದ ಮನೆ

ಉಸಗಾಂವ, ಗೋವಾ,
೧೬ ನವೆಂಬರ್ ೨೦೨೫

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಬಿ.ಪಿ. ಗುಳಿಗೆ ಬಿಡಬೇಡ, ಅಲ್ಲಿ ಇಂಡಿ ಪೇಟೆಯಲ್ಲಿ ಸಿಗದಿದ್ದರೆ ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ. ಚಂದವ್ವ ಅತ್ತೆ ಬಿಸಿ ರೊಟ್ಟಿ ಮಾಡಿ ಹಾಕುತ್ತಾಳೆಂದು ನಂಬಿದ್ದೇನೆ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಎದುರಿಗೆ ಮಾತಾಡಲು ನನಗೂ ಬಾರದು.

ಮೊನ್ನೆ ಕಾಲೇಜಿನ ಹಳೇ ಮೇಡಮ್ ಈಗಿನ ಅಮೆರಿಕದ ಕಾದಂಬರಿಗಳ ಬಗ್ಗೆ ಮಾತಾಡಲು ಕರೆದಿದ್ದರು. ಮನಸ್ಸಿಗೆ ಬಿದ್ದ ಪೆಟ್ಟು, ಅದರ ನೆನಪು, ಇದು ವಿಷಯ. ನಾನು ಆರಿಸಿಕೊಂಡ ಕಾದಂಬರಿಯಲ್ಲಿ ಯುದ್ಧದಿಂದ ಮರಳಿದ ಒಬ್ಬ ಸೈನಿಕನಿದ್ದಾನೆ. ಪಾತ್ರೆ ಬಿದ್ದರೂ ಸಾಕು, ಅವನು ಮತ್ತೆ ಅಲ್ಲೇ ಇರುತ್ತಾನೆ. ಬರೆದವಳೂ ಕಥೆಯನ್ನು ನೆಟ್ಟಗೆ ಹೇಳುವುದಿಲ್ಲ. ಅವನಿಗೆ ಪೆಟ್ಟು ಬಿದ್ದ ದಿನದ ಹತ್ತಿರ ಹೋಗುತ್ತಾಳೆ, ತಿರುಗಿ ಬರುತ್ತಾಳೆ. ಅವನ ಹೆಂಡತಿ ಬಾಗಿಲನ್ನು ಸದ್ದಿಲ್ಲದೆ ಮುಚ್ಚುವುದನ್ನು ಕಲಿಯುತ್ತಾಳೆ. ಆ ಸಾಲು ಓದಿದ ಮೇಲೆ ಹಾಳೆ ಮಡಚಿ ಕೂತುಬಿಟ್ಟೆ. ಬೇಗ ಮುಗಿಯಿತೆಂದು ಹಿಂದಿನ ಬೆಂಚಿನವರು ಚಪ್ಪಾಳೆ ಹೊಡೆದರು.

ನಮ್ಮ ತಗಡಿನ ಬಾಗಿಲನ್ನೂ ಈಗ ಯಾರೂ ಬಡಿಯುವುದಿಲ್ಲ, ಅಪ್ಪಾ. ಪಕ್ಕದ ಮನೆಯ ಫಿರ್ದೋಸ ಚಾಚಿ ರಸ್ತೆಯಲ್ಲೇ ನಿಂತು, "ತುಳಸವ್ವಾ, ಅದೀಯೇನ ಒಳಗ?" ಎಂದು ಅವ್ವನನ್ನು ಕೂಗುತ್ತಾಳೆ. ಟಿಪ್ಪರ್ ಲಾರಿ ಹಿಂದೆ ಸರಿಯುವಾಗ ಕ್ಲೀನರ್ ಅದರ ತಗಡು ಬಡಿಯುವ ರೀತಿ ಈ ಓಣಿಗೆಲ್ಲ ಗೊತ್ತು: ಎರಡು ಬಡಿದರೆ ಬರಲಿ, ಒಂದಾದರೆ ನಿಲ್ಲು. ನಿನ್ನ ಗಾಡಿಗೇ ಕ್ಲೀನರ್ ಆಗಿದ್ದ ಅನಿಲಣ್ಣ ಅದರ ಗಾಲಿಗೆ ಸಿಕ್ಕಿ ಸತ್ತ ದಿನ, ಬಂದವರಿಗೆಲ್ಲ ನೀನು ಒಂದೇ ಮಾತು ಹೇಳಿದೆ: "ಎರಡ ಬಡದಾನ, ನಾ ಕೇಳೇನಿ." ಆಮೇಲೆ ನೀನು ಊರಿಗೆ ಹೋದವನು ತಿರುಗಿ ಬರಲಿಲ್ಲ. ಒಂದೋ ಎರಡೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ನಾನು ಕೇಳುವುದೂ ಇಲ್ಲ.

ಪೂಜಕ್ಕನ ಮಗನ ಜವಳ ತೆಗೆಸಬೇಕು. ಮೊದಲ ಕೂದಲಿಗೆ ಕತ್ತರಿ ಹಾಕಬೇಕಾದ ಸೋದರಮಾವ ಇಲ್ಲ. ಅವನ ಜಾಗದಲ್ಲಿ ತಮ್ಮ ಕಡೆಯ ಯಾರನ್ನಾದರೂ ಕೂಡಿಸೋಣವೆಂದು ಭಾವ ಅಂದಾಗ ಅವ್ವ ಒಪ್ಪಲಿಲ್ಲ. "ಅನಿಲನ ಅಪ್ಪ ಬರತಾನ, ತಡೀರಿ" ಅಂದಳು. ಎರಡು ವರ್ಷದಲ್ಲಿ ಅವಳ ಬಾಯಲ್ಲಿ ಅಣ್ಣನ ಹೆಸರು ಬಂದದ್ದು ಅದೇ ಮೊದಲು. ಕೂಸಿನ ಕೂದಲು ಕಣ್ಣಿಗೆ ಬೀಳುತ್ತಿದೆ. ಅಕ್ಕ ಜುಟ್ಟು ಕಟ್ಟಿದ್ದಾಳೆ. ನೋಡಿದವರು ಹುಡುಗಿ ಅನ್ನುತ್ತಾರೆ.

ಚಂದವ್ವ ಅತ್ತೆಗೆ ನನ್ನ ನಮಸ್ಕಾರ ಹೇಳು. ಹೊಲದ ಕಡೆ ಹೋದರೆ ತಲೆಗೆ ಬಟ್ಟೆ ಸುತ್ತಿಕೋ.

ನಿನ್ನ ಕಾಲು ಮುಟ್ಟಿ,
ಲತಾ

ತಾ.ಕ.: ಕೂಸು ಈಗ ಬಾಗಿಲು ಹಿಡಿದು ನಿಲ್ಲುತ್ತದೆ. ನಿಂತಾಗೆಲ್ಲ ಅಂಗೈಯಿಂದ ತಗಡು ಬಡಿಯುತ್ತದೆ. ಒಮ್ಮೆ ಎರಡು, ಒಮ್ಮೆ ಐದು, ಅದಕ್ಕೆ ಯಾವ ಲೆಕ್ಕವೂ ಇಲ್ಲ. ಅಕ್ಕ ಕೈ ಹಿಡಿಯಲು ಹೋದಳು, ಅವ್ವ ಬೇಡವೆಂದಳು. ನೀನು ಓಣಿಗೆ ತಿರುಗಿದೊಡನೆ ಆ ಸದ್ದು ಕೇಳಿಸೀತು. ಮೊದಲೇ ಹೇಳಿಡುತ್ತಿದ್ದೇನೆ. ಅಲ್ಲಿಂದಲೇ ಹಿಂದಿರುಗಬೇಡ, ಬಾ.