ಬುಧವಾರ ಮೂರು ಗಂಟೆಯ ಜಗಳ

ಫೆಬ್ರವರಿ 5, ಬುಧವಾರ
ಮೂರರ ರೇಡಿಯೋ ಪ್ರೋಗ್ರಾಂ ಮುಗೀತು. ‘ಇಪ್ಪತ್ತನೇ ಶತಮಾನದ ಸಂಗೀತ’ — ಇವತ್ತು ಹನ್ನೆರಡು ಸ್ವರದ ಪದ್ಧತಿ. ಒಂದು ಸ್ವರ ಬಂತೆಂದರೆ ಉಳಿದ ಹನ್ನೊಂದೂ ಮುಗಿಯುವ ತನಕ ಅದು ಬಾಯಿ ಮುಚ್ಚಿಕೊಂಡಿರಬೇಕು. ಚೆನ್ನಾಗೇ ವಿವರಿಸಿದೆ. ಕೇಳಿದವರು ಯಾರೋ.
ಮೈಕ್ ಆಫ್ ಮಾಡುವಷ್ಟರಲ್ಲಿ ಫೋನ್. ಪ್ರತಿ ಬುಧವಾರದ ಅದೇ ಒರಟು ದನಿ.
“ಏನಮ್ಮಾ, ಪಿಯಾನೋ ಮೇಲೆ ಬೆಕ್ಕು ಬಿಟ್ಟಿದ್ರಾ?”
“ಇಷ್ಟ ಇಲ್ಲದಿದ್ರೆ ಬೇರೆ ಸ್ಟೇಷನ್ ಹಾಕ್ಕೊಳ್ಳಿ ಸಾರ್.”
“ನಾನ್ಯಾಕೆ ಹಾಕ್ಲಿ? ನೀವೇ ಸರಿ ಮಾಡ್ಕೊಳ್ಳಿ.”
ಇವತ್ತಿಡೀ ನನ್ನ ಜೊತೆ ಮಾತಾಡಿದ್ದು ಈ ಮುದುಕ ಒಬ್ಬನೇ. ಹಲ್ಲುಜ್ಜುವಾಗ ಹೊಳೀತು.

ಫೆಬ್ರವರಿ 12
ಟೇಪ್ ಸಂಗೀತ. ರೈಲು, ಬಾಗಿಲು, ಕೆಮ್ಮು — ಸದ್ದುಗಳನ್ನು ಕತ್ತರಿಸಿ ಅಂಟಿಸಿದ್ದು. ಮುಗಿದ ಕೂಡಲೇ ಅದೇ ಫೋನ್.
“ನಲವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ಸಲ್ಲಿ ಮೆಷಿನ್ ರಿಪೇರಿ ಮಾಡಿದೋನು ನಾನು. ಗಲಾಟೆ ಕೇಳೋಕೆ ರೇಡಿಯೋ ಬೇರೆ ಬೇಕಾ?”
ಆಮೇಲೆ ಡೈರೆಕ್ಟರ್ ಕರೆದರು. ಶ್ರೋತೃಗಳ ಸಮೀಕ್ಷೆ ಬಂದಿದೆಯಂತೆ. ನನ್ನ ಸಾಲಿನಲ್ಲಿ ಸೊನ್ನೆ ಕೂಡ ಇಲ್ಲ, ಬರೀ ಒಂದು ಗೀಟು. ಮಾರ್ಚ್ ಕೊನೆಗೆ ಪ್ರೋಗ್ರಾಂ ಬಂದ್. ಆಮೇಲೆ ನನಗೆ ಲೈಬ್ರರಿ ಕೆಲಸ.
“ಒಬ್ಬರು ಕೇಳ್ತಾರೆ ಸಾರ್” ಅಂದೆ.
“ಬೈಯೋಕೆ ಕೇಳೋರನ್ನ ಸೇರಿಸಲ್ಲ ಮೇಡಂ.”

ಫೆಬ್ರವರಿ 19
ಮಿನಿಮಲಿಸಂ. ನಾಲ್ಕೇ ಸ್ವರ, ಇಪ್ಪತ್ತು ನಿಮಿಷ, ತಿರುಗಿ ತಿರುಗಿ ಅದೇ. ಇವತ್ತು ಅಜ್ಜ ಕೆಂಡವಾಗ್ತಾರೆ ಅಂದುಕೊಂಡೆ.
“ಇದು ಪರವಾಗಿಲ್ಲ” ಅಂದರು!
“...ಹೌದಾ?”
“ನಮ್ಮ ಪ್ರೆಸ್ ಹೀಗೇನೇ. ಹತ್ತು ನಿಮಿಷ ನಿಂತ್ರೂ ಒಂದೇ ಸದ್ದು. ಆಮೇಲೆ ಅದರೊಳಗಿಂದ ಇನ್ನೊಂದು ತಾಳ ಏಳುತ್ತೆ. ಅದರೊಳಗೆ ಮತ್ತೊಂದು. ಹೇಳಿದ್ರೆ ನನ್ನ ಹೆಂಡತಿ ನಗ್ತಿದ್ಲು.”
“ಇವತ್ತು ಅವರೂ ಕೇಳಿದ್ರಾ?”
“ಇಲ್ಲಮ್ಮ.” ಇಟ್ಟುಬಿಟ್ಟರು.
ರೇಡಿಯೋದ ಇಪ್ಪತ್ತೆರಡು ವರ್ಷದಲ್ಲಿ ನನಗೆ ಒಮ್ಮೆಯೂ ಈ ಸಂಗೀತವನ್ನು ಹೀಗೆ ಹೇಳೋಕೆ ಬಂದಿಲ್ಲ.

ಫೆಬ್ರವರಿ 26
ಜಾಜ್. ಬೇಕೆಂದೇ ಅತಿ ವೇಗದ್ದು, ರೇಗಿಸೋಣ ಅಂತ. ಫೋನ್ ಬರಲಿಲ್ಲ. ಐದರ ತನಕ ಕೂತೆ. ಗುಡಿಸೋ ಹೆಂಗಸು ನನ್ನ ಕಾಲ ಸುತ್ತ ಗುಡಿಸಿಕೊಂಡು ಹೋದಳು.

ಮಾರ್ಚ್ 5
ಸೈರನ್, ಎಂಜಿನ್ನು ಬಳಸಿದ ‘ಗದ್ದಲ ಸಂಗೀತ’. ಇದ್ದುದರಲ್ಲಿ ಅತಿ ಕೆಟ್ಟದ್ದನ್ನು ಹುಡುಕಿ ಹಾಕಿದೆ.
ಇಲ್ಲ.

ಮಾರ್ಚ್ 7, ಶುಕ್ರವಾರ
ರಿಸೆಪ್ಷನಿಸ್ಟ್ ಕೈಕಾಲು ಹಿಡಿದು ಅಜ್ಜನ ನಂಬರ್ ತೆಗೆಸಿದೆ. ಎತ್ತಿದ್ದು ಮಗಳು.
“ರೇಡಿಯೋ ಮೇಡಮ್ಮಾ? ಅಪ್ಪನಿಗೆ ಸ್ಟ್ರೋಕ್ ಆಯ್ತು. ಹೋದ ತಿಂಗಳು ಇಪ್ಪತ್ನಾಲ್ಕಕ್ಕೆ. ಬಲಗೈ ಆಡ್ತಿಲ್ಲ. ಮಾತೂ ಇಲ್ಲ.”
ತೊಂದರೆ ಕೊಟ್ಟೆ, ಕ್ಷಮಿಸಿ ಅಂದೆ.
“ತೊಂದರೆ ಏನು ಬಂತು! ಅಮ್ಮ ಹೋದ್ಮೇಲೆ ಅಪ್ಪನಿಗೆ ಜಗಳ ಆಡೋಕೆ ಜನ ಇರಲಿಲ್ಲ. ನನ್ನ ಮೇಲೆ ರೇಗೋಕೆ ಮನಸ್ಸು ಬಾರದು. ಬುಧವಾರ ಶೇವ್ ಮಾಡ್ಕೊಂಡು, ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂರೋರು.”
ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ಅತ್ತೆ. ಮುಖ ನೋಡದ ಮನುಷ್ಯನಿಗಾಗಿ.

ಮಾರ್ಚ್ 12
ಪ್ರೋಗ್ರಾಂ ಮೊದಲೇ ರೆಕಾರ್ಡ್ ಮಾಡಿಟ್ಟು ಅವರ ಮನೆಗೆ ಹೋದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ದನಿಗೆ ಹೋಲಿಸಿದರೆ ಆಳು ತುಂಬ ಸಣ್ಣ.
ಮೂರಕ್ಕೆ ಮೂವರೂ ರೇಡಿಯೋ ಮುಂದೆ. ಎಷ್ಟು ಒಣ ದನಿ ನಂದು! ಪಾಠ ಒಪ್ಪಿಸುವ ಹಾಗೆ. ಯಾಕೆ ಯಾರೂ ಹೇಳಲಿಲ್ಲ?
ಐದು ನಿಮಿಷಕ್ಕೆ ಅವರು ಎಡಗೈ ಚಾಚಿ ರೇಡಿಯೋ ಆಫ್ ಮಾಡಿದರು. ನನ್ನತ್ತ ಬೆರಳು ತೋರಿಸಿದರು.
“ನೀವು ಮಾತಾಡ್ಬೇಕಂತೆ” ಅಂದಳು ಮಗಳು.
ಏನು ಮಾತಾಡಲಿ? ಸಂಗೀತ ಬಿಟ್ಟು ಬೇರೆ ಏನು ಗೊತ್ತು ನನಗೆ? ಮನೆ ನಲ್ಲಿ ಸೋರುವುದನ್ನು ಹೇಳಿದೆ. ಮೇಲಿನ ಮನೆಯವರ ಕುರ್ಚಿ ಎಳೆದಾಟ. ತಂಗಿ ಫೋನ್ ಮಾಡದೆ ವರ್ಷವಾಗಿದ್ದು. ನೋಡಿದರೆ ಒಂದು ಗಂಟೆ ಕಳೆದಿತ್ತು.

ಮಾರ್ಚ್ 26
ಕೊನೇ ಪ್ರೋಗ್ರಾಂ. ಕೇಳಿದವರಿಗೆಲ್ಲ ಧನ್ಯವಾದ ಅನ್ನುವ ಬದಲು “ಕೇಳಿದ ಒಬ್ಬರಿಗೆ” ಅಂದೆ. ಡೈರೆಕ್ಟರ್ ಹೂಗುಚ್ಛ ಕೊಟ್ಟರು.

ಏಪ್ರಿಲ್ 2, ಬುಧವಾರ, 3.20
ಲೈಬ್ರರಿಗೆ ಅರ್ಧ ದಿನ ರಜೆ ಹಾಕಿ ಬಂದು, ಅಜ್ಜನ ಕೋಣೆಯಲ್ಲೇ ಬರೀತಿದೀನಿ. ಮಗಳು ಡ್ಯೂಟಿಗೆ ಹೋದಳು. ಥೆರಪಿಯವರು ಮಾತಿನ ಚಾರ್ಟ್ ಕೊಟ್ಟಿದಾರೆ, ಅಭ್ಯಾಸ ಮಾಡಿಸೋ ಕೆಲಸ ನನ್ನದು. ‘ನೀರು’ ಅಂತ ತೋರಿಸಿದೆ. “ನೀ...” ಅಷ್ಟೇ ಬಂತು.
“ನೀರು ಅಂದ್ರಾ, ನೀವು ಅಂದ್ರಾ?”
ತಲೆ ಅಲ್ಲಾಡಿಸಿದರು. ಅದೂ ಅಲ್ಲ, ಇದೂ ಅಲ್ಲ. ಬೆವರಿದರು. ನಿಧಾನ, ನಂಗೆ ಆತುರವಿಲ್ಲ ಅಂದೆ. ನಿಜಕ್ಕೂ ಇಲ್ಲ.
ಮತ್ತೆ ತುಟಿ ಅಲ್ಲಾಡ್ತಿದೆ. ಏನೋ ಹೊರಡ್ತಿದೆ — ಪೆನ್ನು ಕೆಳಗಿಡ್ತೀನಿ, ಹತ್ತಿರ ಹೋಗಿ ಕೇಳ್ಬೇಕು.