ನಿನ್ನ ಬಾಯಲ್ಲಿ ಯಾರ ಮಾತು

ಹನುಮಾನ್ ಘಾಟ್, ವಾರಾಣಸಿ
೯ ಫೆಬ್ರವರಿ ೨೦೨೫

ಚಿ. ಸೌ. ಅಮೂಲ್ಯಾಳಿಗೆ ಅಮ್ಮನ ತುಂಬುಮನಸ್ಸಿನ ಆಶೀರ್ವಾದಗಳು.

ನಾನೂ ನಿಮ್ಮಪ್ಪನೂ ಕ್ಷೇಮ. ‘ನಿನ್ನ ಕ್ಷೇಮ ತಿಳಿಸು’ ಎಂದು ಎಲ್ಲರೂ ವಾಡಿಕೆಗೆ ಬರೆಯುತ್ತಾರೆ, ನಾನು ನಿಜವಾಗಿ ಕೇಳುತ್ತಿದ್ದೇನೆ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕುಂಭಕ್ಕೆ ಬಂದವರೆಲ್ಲ ಕಾಶಿಗೂ ಬಂದು ನಮ್ಮ ಮಹಡಿಯ ಮೇಲೆ ಕಾಲಿಡಲು ಜಾಗವಿಲ್ಲ. ವಾರಕ್ಕೊಮ್ಮೆ ಫೋನ್ ಮಾಡುವವಳಿಗೆ ಕಾಗದದ ಚಪಲ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಾವು ಮೂವರಿರುತ್ತೇವೆ, ಕಾಗದದಲ್ಲಿ ಇಬ್ಬರೇ. ಇದನ್ನು ಬಚ್ಚಲುಮನೆಯಲ್ಲಿ ಓದು, ಓದಿದ ಮೇಲೆ ಹರಿದು ಒಲೆಗೆ ಹಾಕು.

ನಿಮ್ಮಪ್ಪನ ವಿದ್ಯೆ ನಿನಗೆ ಗೊತ್ತಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ಯಾತ್ರಿಕರು ಎರಡು ಮಾತಾಡಿದರೆ ಇವರು ಊರು ಹಿಡಿಯುತ್ತಾರೆ, ಮೂರನೆಯ ಮಾತಿಗೆ ತಾವೂ ಆ ಊರಿನವರೇ ಆಗಿಬಿಡುತ್ತಾರೆ. ಬಳ್ಳಾರಿಯವರೊಡನೆ ಬಳ್ಳಾರಿ, ಶಿವಮೊಗ್ಗದವರೊಡನೆ ಶಿವಮೊಗ್ಗ. ಶ್ರಾದ್ಧಕ್ಕೆ ಬಂದವರ ಎದೆ ಅರ್ಧ ಹಗುರಾಗುವುದು ಅಲ್ಲಿಯೇ. ಮೂವತ್ತು ವರ್ಷ ಅವರಿಗೆ ಅಡಿಗೆ ಬಡಿಸಿ ನನ್ನ ಕಿವಿಯೂ ಪಳಗಿದೆ.

ಎರಡು ವರ್ಷದ ಹಿಂದೆ ಮದುವೆಯಾಗಿ ನಂಜನಗೂಡಿಗೆ ಹೋದ ನೀನು ಆರೇ ತಿಂಗಳಲ್ಲಿ ಅಲ್ಲಿಯವರಂತೆ ‘ಅಲ್ವಾ’, ‘ಇಲ್ಲಪ್ಪ’ ಎನ್ನತೊಡಗಿದಾಗ ನಾವಿಬ್ಬರೂ ಹಿಗ್ಗಿದೆವು. “ಹೊಂದಿಕೊಂಡಾಳ ನೋಡು, ನನ್ನ ಮಗಳಲ್ಲೇನು?” ಎಂದು ನಿಮ್ಮಪ್ಪ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಆಮೇಲೆ ನಿನ್ನ ಮಾತೇ ಸಣ್ಣದಾಯಿತು. ನನ್ನ ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತಿದ್ದವಳು ಈಗ ನಾನು ಮುಗಿಸಿದ ಮೇಲೂ ಕಾಯುತ್ತೀ. ಯಾರಿಗೆ ಕಾಯುತ್ತೀ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಸಂಕ್ರಾಂತಿ ಕಳೆದ ಭಾನುವಾರ ನಿನ್ನ ದನಿ ಯಾಕೆ ಹೀಗಿದೆ ಎಂದು ಕೇಳಿದೆ. ನಿನಗಿಂತ ಮೊದಲು ನಿನ್ನ ಪಕ್ಕದಿಂದ ಸುಜಯ ಹೇಳಿದ: “ಬಚ್ಚಲಲ್ಲಿ ಜಾರಿ ಬಿದ್ಲು ಅತ್ತೆ, ಕೈಗೆ ಸ್ವಲ್ಪ ಪೆಟ್ಟಾಗಿದೆ ಅಷ್ಟೆ.” ಅವನ ಹಿಂದೆಯೇ ನೀನು: “ಬಚ್ಚಲಲ್ಲಿ ಜಾರಿ ಬಿದ್ದೆ ಅಮ್ಮ, ಕೈಗೆ ಸ್ವಲ್ಪ ಪೆಟ್ಟಾಗಿದೆ ಅಷ್ಟೆ.” ನಿಮ್ಮಪ್ಪ ಸಂಕಲ್ಪ ಹೇಳಿಕೊಟ್ಟಾಗ ಯಾತ್ರಿಕರು ಹೀಗೆಯೇ ಒಂದಕ್ಷರ ಬಿಡದೆ ಹಿಂದೆ ಹೇಳುತ್ತಾರೆ. ಅವನನ್ನು ಅಳಿಯಂದಿರು ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ.

ಮೊನ್ನೆ ತನ್ನ ತಂದೆಯ ವರ್ಷದ ಕಾರ್ಯಕ್ಕೆಂದು ನಿಮ್ಮೂರಿನ ಗ್ರೀಷ್ಮಾ, ಶಾಲೆಯಲ್ಲಿ ಪಾಠ ಮಾಡುವ ಹುಡುಗಿ, ತನ್ನ ತಾಯಿಯೊಡನೆ ಬಂದಳು. ನಿಮ್ಮ ಹಿಂದಿನ ಬೀದಿಯಲ್ಲೇ ಅವಳ ಮನೆ. ನಿನ್ನ ಹೆಸರು ಹೇಳಿದೆ. “ಅಮೂಲ್ಯಾನಾ? ಅವ್ರು ಮಾತೇ ಆಡಲ್ವಲ್ಲ ಆಂಟಿ. ಕಾಶಿಯವ್ರು, ಕನ್ನಡ ಸರಿಯಾಗಿ ಬರಲ್ವೇನೋ ಅಂದ್ಕೊಂಡಿದ್ವಿ” ಎಂದಳು. ಇಲ್ಲಿನ ಸೋನಾರ್‌ಪುರದ ಇ-ರಿಕ್ಷಾದವರ ಬಾಯಿ ಮುಚ್ಚಿಸುತ್ತಿದ್ದ ನನ್ನ ಮಗಳಿಗೆ ಮಾತು ಬರುವುದಿಲ್ಲವಂತೆ! ಗ್ರೀಷ್ಮಾ ಮತ್ತೆ ಹೇಳಿದಳು: “ಅವರ ಯಜಮಾನ್ರು ಕೆಲಸಕ್ಕೆ ಹೋಗುವಾಗ ಗೇಟಿಗೆ ಹೊರಗಿನಿಂದ ಬೀಗ ಹಾಕ್ತಾರೆ.”

ನಿಮ್ಮಪ್ಪನಿಗೆ ಹೇಳಿದೆ. “ಮಾತು ಬಲ್ಲವನಿಗೆ ಜಗಳವಿಲ್ಲ, ಆಕಿ ತಗ್ಗಿ ನಡದಾಳ, ಬಿಡು” ಎಂದರು. ನನಗೆ ಸಿಟ್ಟು ಬಂತು. “ಯಾತ್ರಿಕರು ಗಾಡಿ ಹತ್ತಿದ ಮ್ಯಾಲೆ ನೀವು ನಿಮ್ಮ ಮಾತಿಗೆ ಹೊಳ್ಳಿ ಬರ್ತೀರಿ. ಆಕಿಗೆ ಹೊಳ್ಳಿ ಬರ್ಲಿಕ್ಕೆ ಒಂದು ಹೊತ್ತಾದ್ರೂ ಅದ ಏನು?” ಎಂದೆ. ಹಿಡಿದ ದರ್ಭೆ ಕೆಳಗಿಟ್ಟು ಕೂತವರು ಆ ದಿನ ಊಟಕ್ಕೂ ಏಳಲಿಲ್ಲ.

ಈ ಕಾಗದ ಪೇಡೆಯ ಡಬ್ಬಿಯ ತಳದಲ್ಲಿದೆ. ಕಾಶಿದಾರ, ಗಂಗೆಯ ಗಿಂಡಿ ತಂದವರನ್ನು ಎಂಥವರೂ ಗೇಟಿನಿಂದ ತಿರುಗಿ ಕಳಿಸುವುದಿಲ್ಲ ಎಂಬ ಧೈರ್ಯದಿಂದ ಗ್ರೀಷ್ಮಾಳ ಕೈಗೆ ಕೊಟ್ಟಿದ್ದೇನೆ. ಪ್ರಸಾದ ನಿನ್ನ ಕೈಗೇ ಕೊಡುತ್ತೇನೆಂದು ಹಟ ಹಿಡಿಯಲು ಹೇಳಿದ್ದೇನೆ.

ಬರುವ ಭಾನುವಾರ ಎಂದಿನಂತೆ ಫೋನ್ ಮಾಡುತ್ತೇನೆ. ಚಿಕ್ಕವಳಿದ್ದಾಗ ನಾವೆಯವರ ಭೋಜಪುರಿ ಕಲಿತು ನನ್ನನ್ನು “ಕಾ ಹೋ ಅಮ್ಮಾ!” ಎಂದು ಕರೆದು, “ಮನಿಯೊಳಗ ಕನ್ನಡ ಆಡು” ಎಂದು ಬೈಸಿಕೊಳ್ಳುತ್ತಿದ್ದೆಯಲ್ಲ, ಅದನ್ನೊಂದು ಸಲ ಹೇಳು. ಅವನು ಕೇಳಿದರೆ ಚಿಕ್ಕಂದಿನ ತಮಾಷೆ ಎನ್ನು. ಅದು ಕಿವಿಗೆ ಬಿದ್ದ ಕೂಡಲೇ ನಾವಿಬ್ಬರೂ ರೈಲು ಹತ್ತುತ್ತೇವೆ. ಹೇಳಲಾಗದಿದ್ದರೂ ಹತ್ತುತ್ತೇವೆ, ಆದರೆ ನಿನ್ನ ಮನಸ್ಸು ತಿಳಿಯದೆ ಆ ಎರಡು ದಿನದ ದಾರಿ ನನಗೆ ಬಹಳ ಉದ್ದವಾದೀತು. ಅಲ್ಲಿಯವರೆಗೆ ಎದುರಾಡಬೇಡ, ಅವನು ಹೇಳಿದಂತೆಯೇ ಹೇಳುತ್ತಿರು.

ಗಂಗಾಮಾಯಿ ನಿನ್ನನ್ನು ಕಾಯಲಿ. ನಿನ್ನ ದನಿ ನಿನಗೆ ಮರಳಿ ಬರಲಿ.

ನಿನ್ನ ಅಮ್ಮ,
ಪದ್ಮಾಬಾಯಿ

ಮರೆತಿದ್ದೆ ಎಂದು ಸುಳ್ಳು ಬರೆಯಲಾರೆ, ಬರೆಯಲು ಹೆದರಿ ಇಲ್ಲಿಗೆ ತಳ್ಳಿದ್ದೇನೆ. ದಸರೆಯಲ್ಲಿ ಒಂದು ಮಧ್ಯಾಹ್ನ ನೀನಾಗಿಯೇ ಫೋನ್ ಮಾಡಿದ್ದೆ. ಬಹಳ ದಿನದ ಮೇಲೆ ನಮ್ಮ ಮನೆಯ ಮಾತಿನಲ್ಲಿ ಕೇಳಿದೆ: “ಅಮ್ಮಾ, ನಾ ಅಲ್ಲಿಗೇ ಬಂದುಬಿಡ್ಲೇನು?” ಅಷ್ಟರಲ್ಲಿ ನಿನ್ನ ಹಿಂದೆ ಬಾಗಿಲು ತೆರೆದ ಸದ್ದಾಯಿತು. ಅವನು ಕೇಳಿಸಿಕೊಳ್ಳುತ್ತಿದ್ದಾನೆಂದು ನನಗೆ ತಿಳಿಯಿತು, ತಿಳಿದೇ ಅವನಿಗೆ ಹಿಡಿಸುವಂತೆ ಅವನ ಮಾತಿನಲ್ಲಿ ಹೇಳಿದೆ: “ಸಂಸಾರ ಅಂದ್ಮೇಲೆ ಹೊಂದ್ಕೊಂಡ್ ಹೋಗ್ಬೇಕಮ್ಮ, ಅವ್ರಿಗೆ ಬೇಜಾರು ಮಾಡ್ಬೇಡ.” ನೀನು “ಸರಿ ಅಮ್ಮ” ಎಂದೆ. ಅಂದಿನಿಂದ ನಮ್ಮ ಮಾತು ನಿನ್ನ ಬಾಯಿಂದ ಬಂದಿಲ್ಲ. ನಿನ್ನ ಮಾತು ಕಸಿದವನು ಸುಜಯ ಎಂದು ಮೇಲೆ ಇಷ್ಟುದ್ದ ಬರೆದೆ. ಅವನಿಗಿಂತ ಮೊದಲು ನಾನೇ ನಿನ್ನನ್ನು ಬಿಟ್ಟು ಅವನ ಕಡೆಯ ಮಾತಾಡಿದೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾದರೂ ಆಗಲಿ, ಅಂದು ನೀ ಕೇಳಿದ್ದಕ್ಕೆ ಇಂದು ಉತ್ತರ ಕೊಡುತ್ತೇನೆ: ಬಾ ನನ್ನವ್ವಾ, ಬಂದುಬಿಡು.