ಅಜ್ಜಯ್ಯನ ಎಡಗಿವಿ

ಕಂದಿಕೆರೆ
೧೪-೨-೨೦೨೪

ಜೀವಿತಾಳ ಅಪ್ಪನಿಗೆ ನಮಸ್ಕಾರಗಳು.

ನೀವು ಮನೆ ಬಿಟ್ಟು ಹನ್ನೆರಡು ವರ್ಷವಾದರೂ ಗಂಡನ ಹೆಸರು ಬರೆಯಲು ಕೈ ಬಾರದು. ಅದಕ್ಕೇ ಲಕೋಟೆಯ ಮೇಲೆ ಅಜ್ಜಯ್ಯನ ಚಿತ್ರ ಬರೆದ ಅರಸೀಕೆರೆಯ ಕಲಾವಿದರ ಹೆಸರಷ್ಟೇ ಹಾಕಿದ್ದೇನೆ. ನೀವು ಅಲ್ಲೇ ಇದ್ದೀರೆಂದು ನನಗೆ ಗುಮಾನಿ.

ಹೋದ ವಾರ ಮಠದಲ್ಲಿ, ತೀರಿಕೊಂಡ ಅಜ್ಜಯ್ಯನವರ ದೊಡ್ಡ ಬಣ್ಣದ ಚಿತ್ರ ತೂಗುಹಾಕಿದರು. ಬದುಕಿದ್ದಾಗ ಅವರು ಯಾರಿಗೂ ಫೋಟೋ ತೆಗೆಯಲು ಬಿಟ್ಟವರಲ್ಲ. ನಿಮ್ಮ ತಮ್ಮ ತಿಮ್ಮರಾಜುವೇ ಅರಸೀಕೆರೆಗೆ ಹೋಗಿ, ಬಾಯಲ್ಲಿ ಗುರುತು ಹೇಳಿ ಬರೆಸಿ ತಂದ. ಬಿಳಿ ಗಡ್ಡ, ಕಾವಿ, ಕಿವಿಯ ಹತ್ತಿರ ಹಿಡಿದ ಒಣಗಾಯಿ. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟು ಗಿಟುಕಾಗಿದೆಯೇ ಎಂದು ನಾವು ಅಲ್ಲಾಡಿಸಿ ಕೇಳುತ್ತೇವಲ್ಲ, ಹಾಗೆ.

"ಕೊಬ್ಬರಿ ಚಿಪ್ಪು ಬುಟ್ಟಂಗೆ ಜೀವ ದೇಹ ಬುಡ್ತದೆ ಅಂತ ತೋರುಸ್ತಾವ್ರೆ ಕಣ್ರೀ" ಎಂದು ಪೂಜಾರಿ ಹುಚ್ಚರಂಗಯ್ಯ ಕಣ್ಣೊರೆಸಿಕೊಂಡರು. ನಾನೂ ಕೈ ಮುಗಿದೆ. ಮುಗಿದ ಕೈ ಹಾಗೇ ನಿಂತುಹೋಯಿತು. ಕಾಯಿ ಇದ್ದದ್ದು ಎಡಗಿವಿಯ ಹತ್ತಿರ! ಅಜ್ಜಯ್ಯನಿಗೆ ಎಡಗಿವಿ ಹುಟ್ಟಾ ಕೇಳುತ್ತಿರಲಿಲ್ಲ, ನಾವೆಲ್ಲ ಬಲಕ್ಕೆ ಹೋಗಿ ಕೂಗುತ್ತಿದ್ದೆವು. ಇನ್ನು ಆ ಹೆಬ್ಬೆರಳು. ಉಗುರು ನಡುವೆ ಸೀಳಿದೆ. ಮಠದಲ್ಲಿ ಕೂತವರಿಗೆ ಕಾಯಿ ಸುಲಿಯುವವರ ಹೆಬ್ಬೆರಳು ಎಲ್ಲಿಂದ ಬರಬೇಕು? ಮರದಿಂದ ಬಿದ್ದು ಬಲಗಿವಿ ಕೆಟ್ಟಮೇಲೆ ನೀವೇ ಎಡಗಿವಿಗೆ ಕಾಯಿ ಹಿಡಿಯುತ್ತಿದ್ದಿರಿ; ಸುಲಿದು ಸುಲಿದು ನಿಮ್ಮ ಉಗುರೂ ಹಾಗೇ ಸೀಳಿತ್ತು. ಅಜ್ಜಯ್ಯನ ಬದಲು ಕೂತು ಬರೆಸಿಕೊಂಡವರು ನೀವೇ ತಾನೇ?

ತಿಮ್ಮರಾಜುವಿನ ಮೇಲೂ ನನಗೆ ನಂಬಿಕೆಯಿಲ್ಲ. ದಿನಾ ಬೆಳಿಗ್ಗೆ ಬಂದು, ಆ ಕಿವಿ, ಆ ಬೆರಳು ಮುಚ್ಚುವ ಹಾಗೆ ಹಾರ ಎಳೆದು ಹೋಗುತ್ತಾನೆ. "ಹನ್ನೆರಡು ವರ್ಸ ಆಯ್ತು ಬುಡಿ ಅತ್ಗೆ, ಸೋಮವಾರ ಅಣ್ಣನ ಕರ್ಮ ಮುಗಿಸಿಬುಡಾನ" ಎಂದು ಒಂದೇ ಅವಸರ. ನಿಮ್ಮನ್ನು ಅಲ್ಲಿ ಕಣ್ಣಾರೆ ಕಂಡು ಬಂದಮೇಲೆ, ನೀವು ಬಂದು ತೋಟದ ಪಾಲು ಕೇಳೀರೆಂದು ಹುಟ್ಟಿದ ಅವಸರವೋ ಏನೋ! ಬಾಯಿಬಿಟ್ಟು ಹೇಳಿದರೆ, ಅಜ್ಜಯ್ಯನ ಮೇಲೇ ಅನುಮಾನವೇ ಎಂದು ಊರೆಲ್ಲ ನನ್ನ ಮೇಲೆ ಬೀಳುತ್ತದೆ.

ಸೋಮವಾರ ನನ್ನ ಬಳೆ ಒಡೆಯುತ್ತಾರೆ. ಬದುಕಿರುವ ಗಂಡನಿಗೆ ಎಳ್ಳುನೀರು ಬಿಡುವುದನ್ನು ನಾನು ನೋಡಲಾರೆ. ಅಷ್ಟರೊಳಗೆ ಬನ್ನಿ. ನನ್ನ ಮೇಲೆ ಸಿಟ್ಟಿದ್ದರೆ ಬಂದೇ ಬೈಯಿರಿ.

ಇಂತಿ,
ಬಳೆ ಇನ್ನೂ ಕೈಯಲ್ಲಿರುವ
ಚಿಕ್ಕಗೌರಮ್ಮ

ಇನ್ನೊಂದು ಮಾತು: ಮೇಲೆ 'ಮರದಿಂದ ಬಿದ್ದು' ಎಂದು ಬರೆದೆ. ಊರಿಗೆಲ್ಲ ಹಾಗೇ ಹೇಳಿ ಹೇಳಿ ರೂಢಿಯಾಗಿದೆ. ನಿಮ್ಮ ಕಿವಿ ಕೆಡಿಸಿದ್ದು ನನ್ನ ಕೈಯೇಟು. ದಿನಾ ಸಂಜೆ ಮಠದಲ್ಲಿ ಯಾರೂ ಇಲ್ಲದಾಗ, ಹಾರ ಸರಿಸಿ, ಆ ಎಡಗಿವಿಗೆ ತಪ್ಪಾಯಿತು ಎಂದು ಹೇಳಿ ಬರುತ್ತಿದ್ದೇನೆ.